ಎಣಿಕೆ

ದಿನಕ್ಕೆ ಮೂರು ಸಲ ತಲೆ ಎಣಿಸುವುದು,
ಇಪ್ಪತ್ತೊಂಬತ್ತು ವರ್ಷ ಇದೇ ನನ್ನ ಕಸುಬು,
ಲಿಯೆಪಾಯಾದ ಜೈಲಿನಲ್ಲಿ, ಕಡಲ ಗಾಳಿ
ಬೀಗದ ಕಣ್ಣಿಗೂ ಉಪ್ಪು ತುಂಬುವಲ್ಲಿ.
ಒಳಗೆ ಬಂದವರೆಷ್ಟು, ಹೊರಗೆ ಹೋದವರೆಷ್ಟು
ಕೇಳಿ, ಹೇಳುತ್ತೇನೆ.
ಒಳ್ಳೆಯವರಾದವರೆಷ್ಟು ಅಂದರೆ
ಬಾಗಿಲಾಚೆ ನನ್ನ ಲೆಕ್ಕ ನಡೆಯುವುದಿಲ್ಲ.

ಮೊಮ್ಮಗಳು ಎಲ್ಜಾಗೆ ಶಾಲೆಯಲ್ಲಿ ಚರ್ಚೆಯಂತೆ:
"ಜೈಲು ತಿದ್ದುತ್ತದೋ ಇಲ್ಲವೋ?
ಒಂದೇ ಮಾತಲ್ಲಿ ಹೇಳು ಅಜ್ಜ."
ಒಂದೇ ಮಾತು!

ಮೋದ್ರಿಸ್ ನಾಲ್ಕು ಸಲ ಬಂದ. ಸೈಕಲ್ಲು, ತಾಮ್ರದ ತಂತಿ,
ಮತ್ತೆ ಸೈಕಲ್ಲು, ಕೊನೆಗೊಂದು ಚರ್ಚಿನ ಗಂಟೆ.
ಬಂದಾಗಲೆಲ್ಲ ನನ್ನ ಮಂಡಿನೋವು ವಿಚಾರಿಸಿದ.
ಹೊರಗೆ ಅವನನ್ನು ವಿಚಾರಿಸುವವರಿರಲಿಲ್ಲ.
ನಮ್ಮ ಗಂಜಿಯನ್ನು ಬೈಯುತ್ತಲೇ
ಬಟ್ಟಲು ನೆಕ್ಕುತ್ತಿದ್ದ.

ಐನಾರ್ಸ್ ಬಂದದ್ದು ಒಂದೇ ಸಲ.
ಕುಡಿದು ಹೊಡೆದ ಒಂದೇಟಿಗೆ ಷಡ್ಡಕ ಸತ್ತಿದ್ದ.
ಒಂಬತ್ತು ವರ್ಷ ನಮಗೆ ಬೆನ್ನು ತೋರಿಸಿ ಕೂತ,
ಪಾದ್ರಿ ಬಂದರೆ ಮಾತಿಲ್ಲ, ಮೇಷ್ಟ್ರು ಬಂದರೆ ಮಾತಿಲ್ಲ.
ಬಿಡುಗಡೆಯ ಕಾಗದದಲ್ಲಿ ಒಂದು ಸಾಲು ಖಾಲಿ ಇರುತ್ತದೆ.
'ಸುಧಾರಣೆ ಕಾಣಲಿಲ್ಲ' ಎಂದು ತುಂಬಿದವನು ನಾನೇ,
ನನ್ನದೇ ದುಂಡಕ್ಷರದಲ್ಲಿ.
ಹುಟ್ಟುಗುಣ ಸುಟ್ಟರೂ ಹೋಗದು, ಅನ್ನುತ್ತಿದ್ದಳು ನಮ್ಮಮ್ಮ.

ಹೋದ ಶನಿವಾರ ಮಾರ್ಕೆಟ್ಟಿನಲ್ಲಿ
ಹೊಗೆಗಿಟ್ಟ ಮೀನಿನ ರಾಶಿಯ ಹಿಂದೆ
ಅದೇ ಬೆನ್ನು. ತಿರುಗಿತು.
"ಸುಡಬಾರದು," ಯಾರಿಗೋ ಹೇಳುತ್ತಿದ್ದ,
"ಉರಿ ಎದ್ದಿತೋ, ಮೀನು ಕೆಟ್ಟಿತು.
ಹಸಿ ಆಲ್ಡರ್ ಸೌದೆ, ಬರೀ ಹೊಗೆ.
ರಾತ್ರಿಯಿಡೀ ಪಕ್ಕದಲ್ಲಿ ಕೂತಿರಬೇಕು, ಅಷ್ಟೆ."
ಇವನ ಪಕ್ಕ ಯಾರು ಕೂತಿದ್ದರು?
ನಾವಂತೂ ಅಲ್ಲ.
ಕೇಳಬೇಕೆಂದುಕೊಂಡೆ.
ಎರಡು ಮೀನು ಕೇಳಿದೆ.

ಕಾಗದದಲ್ಲಿ ಸುತ್ತಿ ಕೊಟ್ಟ, ಚಿಲ್ಲರೆ ಕೊಟ್ಟ.
ನನ್ನ ಹೆಬ್ಬೆರಳು, ನನ್ನನ್ನು ಕೇಳದೆ,
ಅಂಗೈ ಮೇಲಿನ ನಾಣ್ಯಗಳನ್ನು ಸರಿಸತೊಡಗಿತು
ಒಂದು, ಎರಡು, ಮೂರು
ಸಾಲಾಗಿ ನಿಲ್ಲಿಸಿದ ಹಾಗೆ.
ಅವನು ನೋಡುತ್ತಿದ್ದ. ಕೋಪವಿರಲಿಲ್ಲ.
"ಎಣಿಸಿಕೊಳ್ಳಿ ಸಾರ್, ನಿಧಾನಕ್ಕೆ," ಅಂದು
ಮುಂದಿನ ಗಿರಾಕಿಯತ್ತ ತಿರುಗಿದ.

ಸರಿಯಾಗಿಯೇ ಇತ್ತು.
ಟ್ರಾಮಿನಲ್ಲಿ ಕೂತು ಇನ್ನೊಮ್ಮೆ ಎಣಿಸಿದೆ.