ಸುಟ್ಟುಹೋಯಿತು

ನಿಪ್ಪಾಣಿ. ಪರೀಕ್ಷೆಗೆ ಹನ್ನೊಂದು ದಿನ.
ಊರ ಗಾಳಿಗೆಲ್ಲ ತಂಬಾಕಿನ ಘಾಟು; ನಮಗದು ಗೊತ್ತಾಗುವುದಿಲ್ಲ,
ಬಸ್ಸಿಳಿದವರು ಸೀನಿದಾಗಷ್ಟೇ ನೆನಪಾಗುತ್ತದೆ.

ಪಡಸಾಲೆಯಲ್ಲಿ ಮೂವರು, ತೊಡೆಯ ಮೇಲೆ ಮೂರು ಮೊರ:
ಅವ್ವ, ಹೌಸಾಬಾಯಿ, ಎದುರು ಮನೆಯ ಜೈತುನಬಿ.
ಎಲೆ, ಚಿಟಿಕೆ ಪುಡಿ, ಸುರುಳಿ, ದಾರ.
ಬೀಡಿ ಕಟ್ಟಲು ನನಗೂ ಬರುತ್ತಿತ್ತು.
ಆ ವರ್ಷ ಮಾತ್ರ ನನ್ನ ಪಾಲಿನ ಕೆಲಸ ಓದುವುದು,
ಗಟ್ಟಿಯಾಗಿ, ಅವರ ಬೆರಳು ತೂಕಡಿಸದ ಹಾಗೆ.

ಕಥಾನಾಯಕಿಯ ಪಾತ್ರವನ್ನು ವಿಶ್ಲೇಷಿಸಿ. ಐದು ಅಂಕ.
ಗೈಡಿನಲ್ಲಿ ಉತ್ತರ ಸಿದ್ಧವಿತ್ತು:
ತ್ಯಾಗಮಯಿ. ಸಹನಶೀಲೆ. ಕರುಣೆಯ ಕಡಲು.

ಹೌಸಾಬಾಯಿ ದಾರವನ್ನು ಹಲ್ಲಿನಲ್ಲಿ ಕಡಿದು ಕೇಳಿದಳು:
"ಇದ್ಯಾರ ಸುದ್ದಿ? ಸತ್ತಾಕಿದೇನು?
ಬದುಕಿದ್ದಾಕಿನ್ನ ಯಾರೂ ಇಷ್ಟ ಹೊಗಳಂಗಿಲ್ಲ.
ಅದನ್ನ ಬಿಡ. ಕತೀನ ಓದ."

ಓದಿದೆ. ಗಂಡ ದೂರದಲ್ಲಿ, ಅತ್ತೆಗೆ ಕಣ್ಣು ಮಂಜು,
ನಾದಿನಿಯ ಹೆಸರಿಗೆ ಬಂದ ಪತ್ರ ಒಲೆಯ ಕಟ್ಟೆಯ ಮೇಲೆ.
ಆಮೇಲೆ ಈ ಸಾಲು:
ಪತ್ರ ಸುಟ್ಟುಹೋಯಿತು.

ಮೂರೂ ಮೊರ ಸದ್ದು ನಿಲ್ಲಿಸಿದವು.
"ಮತ್ತೊಮ್ಮೆ ಓದ."
ಪತ್ರ ಸುಟ್ಟುಹೋಯಿತು.
"ಹೋತಾ? ತಾನ? ಒಲಿ ಎದ್ದು ಬಂತೇನ?
ಹಾಲು ಉಕ್ಕಿಹೋತು ಅಂತೀವಿ ನಾವು.
ಉಕ್ಕಿಸಿದೆ ಅಂತ ಯಾವಾಕಿ ಅಂದಾಳ?"

ಜೈತುನಬಿಗೆ ಅಕ್ಷರ ಬಾರದು. ಅವಳೇ ಕೇಳಿದ್ದು:
"ಆ ಮಾತು ಆಕಿ ಅಂದಿದ್ದೋ, ಬರದಾಂವ ಅಂದಿದ್ದೋ?"
ಹುಡುಕಿದೆ. ಉದ್ಧರಣ ಚಿಹ್ನೆ ಇರಲಿಲ್ಲ.
ಅತ್ತೆಯ ಮಾತಿಗಿತ್ತು, ಪೋಸ್ಟಿನವನ ಕೆಮ್ಮಿಗೂ ಇತ್ತು,
ಈ ಎರಡು ಶಬ್ದಕ್ಕೆ ಮಾತ್ರ ಬೇಲಿಯಿಲ್ಲ.
"ಹಂಗಾರ ಅವಗ ಗೊತ್ತೈತಿ," ಎಂದಳು.
"ಆಕಿ ಬಾಯಿಂದ ಸುಳ್ಳು ಹೇಳಸಬಾರದು ಅಂತ
ತಾನ ಹೇಳಿ ಮುಚ್ಯಾನ."

ಪುಟದ ಅಂಚಿಗೆ ಪೆನ್ಸಿಲಿನಲ್ಲಿ ಬರೆದೆ: ಕರ್ತೃ ಎಲ್ಲಿ?
ಹಿಂದಕ್ಕೆ ತಿರುವಿದೆ.
ನೀರು ತಂದಳು, ಜೋಳ ಬೀಸಿದಳು, ಅತ್ತೆಯ ಕಾಲಿಗೆ ಎಣ್ಣೆ ತೀಡಿದಳು.
ನಾಲ್ಕು ಪುಟದ ಎಲ್ಲ ಕೆಲಸಕ್ಕೂ ಅವಳೇ ಕರ್ತೃ.
ಅಷ್ಟು ಹೊತ್ತು ವಾಕ್ಯದೊಳಗೆ ದುಡಿದವಳು
ಇದೊಂದು ಸಲ ವಾಕ್ಯದಿಂದ ಹೊರಗೆ ಬಂದು
ಹಿತ್ತಲಲ್ಲಿ ನಿಂತಿದ್ದಳು.

(ಆ ಪ್ರಶ್ನೆ ಪರೀಕ್ಷೆಗೆ ಬರಲೇ ಇಲ್ಲ. ಬಂದದ್ದು ಸಮಾಸ.)

"ಸಿಟ್ಟಿನಾಕಿ," ಎಂದಳು ಹೌಸಾಬಾಯಿ, ಮೆಚ್ಚಿಕೊಂಡು.
"ಅಲ್ಲ, ಅಂಜಿದಾಕಿ," ಜೈತುನಬಿ.
ವಾದ ಮುನ್ನೂರು ಬೀಡಿಯಷ್ಟು ನಡೆಯಿತು,
ನಡುವೆ ಮರಾಠಿಗೆ ಹಾರಿ, ಮರಳಿ ಬಂದು.
ಅಲ್ಲಿಯೂ ಅದೇ ತಕರಾರು:
ಜಳಾಲಂ ಎಂದರೆ ಉರಿದುಹೋಯಿತು, ಜಾಳಲಂ ಎಂದರೆ ಉರಿಸಿದಳು.
ದೀರ್ಘ ಎಲ್ಲಿ ಕೂತಿದೆ ನೋಡಬೇಕು, ಅಷ್ಟೆ.

ಸಂಜೆ ಚೆಕ್ಕರ್ ಬಂದ.
ಕಟ್ಟುಗಳನ್ನು ಹೆಬ್ಬೆರಳಿನಿಂದ ಒತ್ತಿ, ಎರಡನ್ನು ಬದಿಗೆ ಸರಿಸಿ
"ಇವು ಛಾಟ ಆದವು" ಎಂದ, ಎಂದಿನಂತೆ.
ಹೌಸಾಬಾಯಿ ಸೆರಗಿನ ಪುಡಿ ಕೊಡವಿ ಎದ್ದಳು.
"ಆದವು ಅನಬ್ಯಾಡ. ಮಾಡಿದೆ ಅನ್ನ."
ಅವನಿಗೆ ತಿಳಿಯಲಿಲ್ಲ. ಬೀಡಿ ಸರಿಯಾಗೇ ಎಣಿಸಿದ್ದೇನಲ್ಲ ಎಂದ.
ಐವತ್ತು ಬೀಡಿಯ ದುಡ್ಡು ಕಡಿಮೆಯಾಯಿತು.

ಅವ್ವ ಇಡೀ ದಿನ ಬಾಯಿ ಬಿಟ್ಟಿರಲಿಲ್ಲ.
ರಾತ್ರಿ, ಸೀಳಿದ ಬೆರಳಿಗೆ ಕೊಬ್ಬರಿ ಎಣ್ಣೆ ಸವರುತ್ತ ಕೇಳಿದಳು:
"ಆ ಕಾಗದದಾಗ ಏನಿತ್ತಂತ?"
ಕತೆಯಲ್ಲಿ ಹೇಳಿಲ್ಲ ಎಂದೆ.
"ಆಕಿ ಓದಿ ಸುಟ್ಟಳೋ, ಓದಾಕ ಬರಲಾರದ ಸುಟ್ಟಳೋ?"

ನಾನು ಪುಸ್ತಕ ನೋಡಿದೆ. ಅಲ್ಲಿರಲಿಲ್ಲ.
ಅವ್ವನದೊಂದು ವಾಕ್ಯ ನನಗೆ ಬಾಯಿಪಾಠ,
ಮಾತು ಕಲಿತಾಗಿನಿಂದ ಕೇಳಿದ್ದು:
"ನಾಕನೇತ್ತಿಗೆ ನಂದು ಸಾಲಿ ಬಿಟ್ಟುಹೋತು."

ಅದರ ಅಂಚಿನಲ್ಲಿ ಬೇಕಾದಷ್ಟು ಬಿಳಿ ಜಾಗವಿತ್ತು.
ಪೆನ್ಸಿಲು ಏಳಲಿಲ್ಲ.
ಎತ್ತಲಿಲ್ಲ, ನಾನು.