ನಾನೂರ ಹತ್ತು ಗ್ರಾಂ

ಹೊಲಿಗೆ ಯಂತ್ರದ ಒಂದು ಹಳೇ ಬೆಲ್ಟಿನಿಂದ ಶುರುವಾದದ್ದು.
ನನಗೆ ಬೇಕಿತ್ತು, ಗ್ವೆನ್ಲಿಯನ್ ಬಳಿ ಎರಡಿತ್ತು.
ವೇಲ್ಸ್‌ನಿಂದ ನ್ಯೂಜಿಲೆಂಡಿಗೆ ಆರು ವಾರ ತೆಗೆದುಕೊಂಡ ಲಕೋಟೆ,
ಜೊತೆಗೊಂದು ಚೀಟಿ: "ಒರೆಸಿದ್ದೇನೆ, ಆದರೂ ನಾಯಿ ವಾಸನೆ ಇದ್ದೀತು."

ಆಮೇಲೆ ಹನ್ನೊಂದು ವರ್ಷ
ಅವಳ ರಾತ್ರಿಯಲ್ಲಿ ನನ್ನ ಬೆಳಗು,
ನನ್ನ ಬೇಸಿಗೆಯಲ್ಲಿ ಅವಳ ಕಂಬಳಿ.
ಎದುರು ಕೂತಿದ್ದಿಲ್ಲ. ದನಿ ಕೇಳಿದ್ದು ಒಮ್ಮೆ,
ಅದೂ ಅವಳದಲ್ಲ, ಒಲೆಯ ಮೇಲಿನ ಕೆಟಲಿನದು.
ಗಂಡ ಹೋದಾಗ ಮೊದಲು ಹೇಳಿದ್ದು ಅವಳಿಗೆ,
ತಂಗಿಗೆ ಆಮೇಲೆ.

ಮಂಗಳವಾರ ಏನು ಮಾಡುತ್ತೀ ಎಂದು ಕೇಳುತ್ತಿದ್ದಳು.
ನದಿಗೆ ಹೋಗುತ್ತೇನೆ ಎನ್ನುತ್ತಿದ್ದೆ.
ಸುಳ್ಳಲ್ಲ.
ಅಹೂರಿರಿ ಜಡೆ ಬಿಚ್ಚಿ ಹರಡಿಕೊಂಡ ನದಿ,
ಇಂದು ಇಲ್ಲಿ ಹರಿದರೆ ನಾಳೆ ಅಲ್ಲಿ,
ನಡುವೆ ಮೈಲುಗಟ್ಟಲೆ ಬೂದುಗಲ್ಲು.
ಆ ಕಲ್ಲಿನಲ್ಲಿ ಕಲ್ಲಾಗಿ ಕೂರುವ ಹಕ್ಕಿಯೊಂದಿದೆ,
ನಮ್ಮವರು ನುಟು ಪಾರೆ ಎನ್ನುತ್ತೇವೆ.
ಅದರ ಕೊಕ್ಕು ಬಲಕ್ಕೆ ವಾಲಿದೆ,
ಹುಟ್ಟಿದ ಮರಿಮರಿಗೂ ಬಲಕ್ಕೇ,
ಎಡಕ್ಕೆ ವಾಲಿದ್ದನ್ನು ನಾನಂತೂ ಕಂಡಿಲ್ಲ.
ಕಡ್ಡಿ ಹುಲ್ಲು ಹಾಸದೆ ಬರಿನೆಲದಲ್ಲಿ ಎರಡು ಮೊಟ್ಟೆ,
ಮೆಟ್ಟುವವರೆಗೂ ಕಾಣದ ಬಣ್ಣ.

ಆ ದಾರಿಯಲ್ಲಿ ಅರವತ್ತೆರಡು ಮರದ ಪೆಟ್ಟಿಗೆಗಳಿವೆ.
ಒಳಗೆ ಸ್ಪ್ರಿಂಗು, ಸ್ಪ್ರಿಂಗಿನಾಚೆ ಕೋಳಿಮೊಟ್ಟೆ.
ಇದನ್ನು ಹೇಳಿರಲಿಲ್ಲ.

ಅಕ್ಟೋಬರ್. ಅವಳಲ್ಲಿ ಎಲೆ ಉದುರುವ ಕಾಲ.
ತಡವಾಗಿ ಹುಟ್ಟಿದ ಮುಳ್ಳಿಲಿ ಮರಿಗಳು
ಮೈಯಲ್ಲಿ ಕೊಬ್ಬಿಲ್ಲದೆ ಹಟ್ಟಹಗಲು ತೋಟದಲ್ಲಿ ತೂರಾಡುತ್ತವಂತೆ.
ಎತ್ತಿ ತಂದು ಶೂ ಡಬ್ಬಿಯಲ್ಲಿ ಮಲಗಿಸುತ್ತಾಳೆ,
ಅಡುಗೆಯ ತಕ್ಕಡಿಯಲ್ಲಿ ತೂಗುತ್ತಾಳೆ, ನನಗೆ ಬರೆಯುತ್ತಾಳೆ:
ಮುನ್ನೂರ ಐದು. ಮುನ್ನೂರ ನಲವತ್ತು.
ಆರುನೂರು ಮುಟ್ಟಿದರೆ ಚಳಿಗಾಲ ದಾಟಿದ ಹಾಗೆ.
"ಈ ಪುಟ್ಟಿಗೆ ನಿನ್ನ ಹೆಸರಿಟ್ಟೆ, ಹೂಹಾನಾ.
ಮೊಂಡು. ರಾತ್ರಿ ಡಬ್ಬಿ ಹರಿದು ಆಚೆ ಬಂದಿದ್ದಳು.
ಇವತ್ತು ನಾನೂರ ಹತ್ತು ಗ್ರಾಂ!"

ಆ ಮಂಗಳವಾರ ನಲವತ್ತೇಳನೇ ಪೆಟ್ಟಿಗೆಯಿಂದ
ನಾನು ಹೊರತೆಗೆದದ್ದೂ ಹೆಣ್ಣೇ.
ನನಗೂ ಒಂದು ಪುಸ್ತಕವಿದೆ:
ಪೆಟ್ಟಿಗೆ, ತಾರೀಖು, ಜಾತಿ, ಗಂಡೋ ಹೆಣ್ಣೋ.
ತೂಕ ಬರೆಯುವುದಿಲ್ಲ.
ಕೈಗೆ ಗೊತ್ತಾಯಿತು, ಅಷ್ಟೇ.

ಹೇಳಿಬಿಟ್ಟೆ. ಯಾಕೆಂದು ಈಗಲೂ ತಿಳಿಯದು,
ಬಹುಶಃ ಆ ಹೆಸರಿಗೆ ನಾಚಿ.
ಇವು ಇಲ್ಲಿಯವಲ್ಲ, ಊರು ನೆನಪಾಗಿ ಅತ್ತ ನಿಮ್ಮಜ್ಜಂದಿರು
ಹಡಗಿನಲ್ಲಿ ತಂದವು; ಬೆಳಗಾದರೆ ಗೂಡಿನಲ್ಲಿ ಬರೀ ಸಿಪ್ಪೆ ಎಂದೆ.
"ತಂದವರು ಸತ್ತು ಮಣ್ಣಾದರು," ಅವಳೆಂದಳು,
"ಇದು ತಾನೇ ಟಿಕೆಟ್ಟು ಕೊಂಡಿತ್ತೇ?"
ನಿನ್ನ ತೋಟದ್ದನ್ನು ನೀನು ಉಳಿಸು, ನನ್ನ ನದಿಯದನ್ನು ನಾನು.
"ಉಳಿಸುವುದು. ಎಷ್ಟು ಸಲೀಸಾಗಿ ಅನ್ನುತ್ತೀ
ಕೈ ತೊಳೆಯುವ ಮುನ್ನ."

ಅಲ್ಲಿಗೆ ನಿಲ್ಲಿಸಬಹುದಿತ್ತು.
ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನೀನು ಹೆರಲೂ ಇಲ್ಲ, ಎಂದೆ.
ಎಂದೋ ಒಂದು ನಡುರಾತ್ರಿ ಅವಳಾಗಿ ಹೇಳಿಕೊಂಡದ್ದು,
ಮೂರು ಸಲ ಕಳೆದುಕೊಂಡದ್ದು,
ನನ್ನಲ್ಲಿ ಜೋಪಾನವಾಗಿತ್ತು, ಹರಿತವಾಗಿತ್ತು.

ಓದಿದಳೆಂಬ ಗುರುತು ಬಿತ್ತು.
ನಾಲ್ಕನೇ ದಿನ ಒಂದೇ ಸಾಲು:
"ಅವಳ ಹೆಸರು ಬದಲಿಸಿದ್ದೇನೆ."
ಆಮೇಲೆ ಅವಳ ಚಿತ್ರವಿದ್ದಲ್ಲಿ
ಒಂದು ಬೂದು ವೃತ್ತ, ನದಿಗಲ್ಲಿನಷ್ಟೇ ಬೂದು.

ಡಿಸೆಂಬರಿನಲ್ಲಿ ಮರಿಯೊಂದು ಓಡಿತು ಕಾಲಬಳಿ,
ಹತ್ತಿಯ ಉಂಡೆಗೆ ಕಾಲು ಬಂದಂತೆ,
ಕೊಕ್ಕು ಆಗಲೇ ಬಲಕ್ಕೆ.
ಫೋನು ತೆಗೆದೆ. ಬೆಳಗಿನ ಹತ್ತು;
ಅವಳಲ್ಲಿ ಹಿಂದಿನ ರಾತ್ರಿಯ ಒಂಬತ್ತು,
ಬಿಸಿನೀರಿನ ಚೀಲ ತುಂಬುವ ಹೊತ್ತು.
ಒಳಗಿಟ್ಟೆ.

ಪೆಟ್ಟಿಗೆಗಳನ್ನು ನಿಲ್ಲಿಸಿಲ್ಲ. ನಿಲ್ಲಿಸುವುದೂ ಇಲ್ಲ.
ಅಡುಗೆಯ ತಕ್ಕಡಿ ಮಾತ್ರ ಈಗ ಬೆನ್ನಚೀಲದಲ್ಲಿರುತ್ತದೆ,
ಪುಸ್ತಕದಲ್ಲಿ ಪೆನ್ಸಿಲಿನಿಂದ ಎಳೆದ ಇನ್ನೊಂದು ಗೆರೆ.
ಇವತ್ತಿನದು ಆರುನೂರ ಎಂಬತ್ತು.
ಚಳಿಗಾಲ ದಾಟುತ್ತಿತ್ತು.