ಕೆಂಪು ದೀಪದ ತಾರೀಖುಗಳು

ಬೆಳಕಿನ ಹಕ್ಕಿನ ಕೇಸದು.
'ಪಕ್ಕದವರು ಗೋಡೆ ಎತ್ತರಿಸಿದ್ದಾರೆ, ಸ್ವಾಮಿ,
ನನ್ನ ಕಕ್ಷಿದಾರರ ಅಡುಗೆಮನೆಗೆ ಹಗಲಲ್ಲೂ ಬೆಳಕಿಲ್ಲ'
ಅಂತ ಕರಿಕೋಟಿನ ಗುಂಡಿ ಹಾಕ್ಕೊಂಡು ಹೇಳ್ಲಾಕತ್ತಿದ್ದೆ
(ಕೆಳಗಿದ್ದದ್ದು ಮನಿ ನೈಟಿ, ಕ್ಯಾಮೆರಾಕ್ಕ ಕಾಣಂಗಿಲ್ಲ).
ಜಜ್ಜರ ಮುಖ ಅಲ್ಲೇ ನಿಂತಿತು,
ಅರ್ಧ ತೆರದ ಬಾಯಿ, ಎತ್ತಿದ ಬೆರಳು.
ಚೌಕ ಚೌಕ ಒಡದು
ಹೋತು.

ಮೂಲ್ಯಾಗ ರೌಟರಿನ ಮ್ಯಾಲ ಸಣ್ಣ ಕೆಂಪು ದೀಪ.
ಮುಂದಿನ ತಾರೀಖು ಕೊಟ್ರು.

ಫೋನ್ ಹಚ್ಚಿದೆ. 'ಬಂದ್ ಮಾಡಿ ಚಾಲೂ ಮಾಡ್ರಿ ಮೇಡಂ.'
ಬಂದ್ ಮಾಡ್ದೆ. ಚಾಲೂ ಮಾಡ್ದೆ.
ಕಲಬುರಗಿ ಏಪ್ರಿಲ್, ಅಂಗಳದ ಪರಸಿ ಮ್ಯಾಲ ಕಾಲಿಟ್ರ ಬೊಬ್ಬಿ,
ರೌಟರಿಗಿ ಕಾವು ಹತ್ಯಾದ ಅಂದ್ರು.
ಕೂಲರಿನ ಮುಂದ ಕೂಡ್ಸಿದೆ.
ತಣ್ಣಗ ಕೂತು ಕೆಂಪಾತು.
ಮಂಗ್ಯಾ ವೈರ್ ಕಡದಿರಬೇಕು ಅಂದ್ರು.
ಮಂಗ್ಯಾ ಈ ಓಣಿ ಬಿಟ್ಟು ಎರಡು ವರ್ಷ ಆತು.
ಕರೆಂಟಿನ ಏರಿಳಿತ ಅಂದ್ರು. ಸ್ಟೆಬಿಲೈಸರ್ ತಂದೆ,
ಹದಿನೆಂಟು ನೂರು. ರಸೀದಿ ಇನ್ನೂ ಫೈಲಿನ್ಯಾಗ ಅದ.

ಊಹಾ ಮಾಡೂದು ನನ್ನ ಕಸಬಲ್ಲ.
ಹಳೇ ಡೈರಿ ತಗದು ಬರೀಲಾಕ ಕೂತೆ:
ಬುಧವಾರ, ಹನ್ನೊಂದೂ ಹತ್ತು. ಹೋತು.
ಬುಧವಾರ, ನಾಲ್ಕು. ಬಂತು.
ಗುರುವಾರ ಏನಿಲ್ಲ. ಶುಕ್ರವಾರ ಏನಿಲ್ಲ.
ಸೋಮವಾರ, ಹನ್ನೊಂದೂವರಿ. ಹೋತು.
ಐದು ದಿನಕ್ಕೊಮ್ಮೆ.

ಐದು ದಿನಕ್ಕೊಮ್ಮೆ ಈ ಓಣ್ಯಾಗ ಬರೂದು ಏನು?

ನಳ.

ಅಂಬಾರಾಯಗ ಹೇಳಿದ್ರ ನಕ್ಕ.
'ಗಾಜಿನ ಎಳಿ ಮೇಡಂ ಅದು, ನೀರಿಗಿ ಅಂಜಂಗಿಲ್ಲ.'
'ಮತ್ಯಾತಕ್ಕ ಅಂಜ್ತದ?'
'ಬಾಗಿಸಿದ್ರ. ಗಕ್ಕನೆ ಮಡಚಿದ್ರ
ಬೆಳಕಿಗಿ ಹೊಳ್ಳಾಕ ಬರಂಗಿಲ್ಲ,
ಹೊರಗ ಚೆಲ್ಲಿಬಿಡ್ತದ.'

ಶನಿವಾರ, ನಳದ ದಿನ, ಏಣಿ ಹಚ್ಚಿ ಮಾಳಿಗಿ ಹತ್ತಿದ್ವಿ.
ಕಂಬದಿಂದ ನನ್ನ ಕಿಡಕಿಗಿ ಬರೋ ಕರಿ ವೈರು
ಮಾಲನಬಿ ಮಾಳಿಗಿ ಹಾದು ಬರ್ತದ.
ಅದರ ಮ್ಯಾಲ, ನೀರು ಸೋರಕೋಂತ,
ಮೂರು ಕೌದಿ.

ಒಂದೊಂದೂ ಒಬ್ಬ ಮನಷ್ಯಾನ ತೂಕ.
ಹಳೇ ಸೀರಿ, ಹರದ ಲುಂಗಿ, ಯಾರದೋ ಸಾಲಿ ಅಂಗಿ.
ಕಟ್ಟಿ ಅಂಚಿಗಿ ವೈರು ಮೊಣಕಾಲಿನಂಗ ಮಡಚಿತ್ತು,
ಮ್ಯಾಲಿನ ಪದರ ಸವದಿತ್ತು.
ಅಂಬಾರಾಯ ಪೆನ್ನಿನಂಥದ್ದೇನೋ ಹಚ್ಚಿ,
'ಇಲ್ಲೇ ನೋಡ್ರಿ, ಇಲ್ಲೇ ಚೆಲ್ಲಾಕತ್ತದ' ಅಂದ.
ಅಷ್ಟು ಬಿಸಲಿನಾಗ ನನಗೇನು ಕಾಣಬೇಕು!
'ಕೌದಿ ಒಳಗ ತಲಿ ಹಾಕ್ರಿ.'

ಹಾಕ್ದೆ.
ಸಬಕಾರದ ವಾಸನಿ, ಕೂಸಿನೆಣ್ಣಿ ವಾಸನಿ, ಹಸಿ ಕತ್ತಲ.
ಆ ಕತ್ತಲದಾಗ ವೈರಿನ ಮೈಯಾಗಿಂದ
ಒಂದೇ ಒಂದು ಕೆಂಪು ಹನಿ,
ಬೀಳದೇ ನಿಂತಿತ್ತು.

'ಯಾಕ್ರೀ ವಕೀಲಮ್ಮ?'
ನಾಲ್ಕನೇ ಕೌದಿ ಹೆಗಲ ಮ್ಯಾಲ ಹೊತ್ತು ಮಾಲನಬಿ.
ಮಗಳು ಬಾಣಂತನಕ್ಕ ಬಂದಾಳ, ಸೇಡಂದಿಂದ,
ಕೂಸಿಗಿ ಇಪ್ಪತ್ತೆರಡು ದಿನ,
ನಳ ಬಂದಾಗೇ ಒಗೀಬೇಕು.
'ನಾ ಹಗ್ಗ ಅಂತ ತಿಳದೆ.
ಯಾರೋ ಪುಣ್ಯಾತ್ಮರು ಕಟ್ಟಿ ಹೋಗ್ಯಾರ,
ಗಟ್ಟಿ ಅದ, ಬಣ್ಣ ಬಿಡಂಗಿಲ್ಲ ಅಂತ.'

ಪಾಟಿ ಸವಾಲಿಗಿ ಎಷ್ಟು ಪ್ರಶ್ನೆ ಜೋಡಿಸಿಟ್ಟಿದ್ದೆ.
ಒಂದೂ ನೆನಪಾಗಲಿಲ್ಲ.
ನಾಲ್ಕನೇದರ ಒಂದು ತುದಿ ಹಿಡದು ಹಿಂಡಿದೆ,
ನೈಟಿ ತೋಯ್ತು.

ಅಂಬಾರಾಯ ಪೈಪು ನಿಲ್ಲಿಸಿ ವೈರು ಆಳೆತ್ತರ ಮಾಡ್ದ.
ಸುಪರ್ ಮಾರ್ಕೆಟ್ಟಿನ್ಯಾಗ ನೈಲಾನ್ ಹಗ್ಗ ತಂದೆ,
ಅರವತ್ತು ರೂಪಾಯಿ, ರಸೀದಿ ಇಲ್ಲ.

ತಾರೀಖಿನ ಹಿಂದಿನ ದಿನ ಕಕ್ಷಿದಾರಗ ಕೇಳ್ದೆ:
'ಆ ಗ್ವಾಡಿ ಯಾಕ ಎತ್ತರಿಸ್ಯಾರ ಅಂತ
ಒಮ್ಮಿಯಾರ ಅವರ ಮಾಳಿಗಿ ಹತ್ತಿ ನೋಡೀರೇನು?'
'ನೋಡ್ಲಿ ಅಂತೇನ್ರೀ ನಿಮಗ ಫೀಸು ಕೊಟ್ಟಿದ್ದು?'
ಅಂದು ಫೋನ್ ಇಟ್ಟ.

ದೀಪ ಹಸರ ಅದ.
ಬಾಜೂ ಮಾಳಿಗಿ ಮ್ಯಾಲ ದಪ್ ದಪ್ ಅಂತ
ಕೌದಿ ಝಾಡಸೋ ಸಪ್ಪಳ.